ನಿಮ್ಮ ಮನೆಗೆಷ್ಟು ಬಿಸಿ ಬೇಕು?

ಫ್ರಿಜ್ಜಿನ ಹಿಂಬದಿಗೋ ಪಕ್ಕಕ್ಕೋ ಅಂಗೈ ಇಟ್ಟು ನೋಡಿ. ಬೆಚ್ಚಗಿರುತ್ತದೆ. ಒಳಗೆ ತಣ್ಣಗಿರುವ ಪೆಟ್ಟಿಗೆ ಹೊರಗೇಕೆ ಬೆಚ್ಚಗೆ? ಫ್ರಿಜ್ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿಟ್ಟ ಹಾಲು, ತರಕಾರಿಯಲ್ಲಿರುವ ಶಾಖವನ್ನು ಹೊತ್ತು ತಂದು ಹೊರಗೆ ಚೆಲ್ಲುತ್ತದೆ, ಅಷ್ಟೇ.

ಇದೇ ಕೆಲಸವನ್ನು ತಿರುಗಿಸಿ ಮಾಡಿದರೆ? ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಹೊತ್ತು ತಂದು ಮನೆಯೊಳಗೆ ಸುರಿದರೆ ಮನೆಯೇ ಬೆಚ್ಚಗಾಗುತ್ತದೆ. ಆ ಯಂತ್ರದ ಹೆಸರು ಹೀಟ್ ಪಂಪ್. ನಮ್ಮಲ್ಲಿ ಒಂದು ಕಂಬಳಿ, ಒಂದು ಲೋಟ ಬಿಸಿ ಕಷಾಯ ಇದ್ದರೆ ಚಳಿಗಾಲ ಕಳೆದುಹೋಗುತ್ತದೆ. ಬ್ರಿಟನ್ನಿನಲ್ಲಿ ಹಾಗಲ್ಲ. ವರ್ಷದಲ್ಲಿ ಐದಾರು ತಿಂಗಳು ಮನೆ ಕಾಯಿಸಲೇಬೇಕು. ಮಕ್ಕಳ ಮನೆಗೆಂದು ಹೋಗಿ ಅಲ್ಲಿ ಚಳಿಗಾಲ ಕಂಡು ಬಂದ ಅಜ್ಜ ಅಜ್ಜಿಯರಿಗೆ ಇದು ಚೆನ್ನಾಗಿ ಗೊತ್ತು.

ಅಲ್ಲಿನ ಹೆಚ್ಚಿನ ಮನೆಗಳಲ್ಲಿ ಈಗಲೂ ಗ್ಯಾಸ್ ಬಾಯ್ಲರ್ ನೀರು ಕಾಯಿಸುತ್ತದೆ. ಆ ನೀರು ಕೋಣೆ ಕೋಣೆಯ ರೇಡಿಯೇಟರ್‌ಗಳಲ್ಲಿ ಹರಿದು ಮನೆಯನ್ನು ಬೆಚ್ಚಗಿಡುತ್ತದೆ. ಗ್ಯಾಸ್ ಉರಿಸಿದರೆ ಇಂಗಾಲದ ಹೊಗೆ ತಪ್ಪದು. ಅದಕ್ಕೇ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಾಯ್ಲರ್ ತೆಗೆದು ಹೀಟ್ ಪಂಪ್ ಹಾಕಿಸುವವರಿಗೆ 2023ರ ಅಕ್ಟೋಬರ್‌ನಿಂದ ಸರ್ಕಾರ 7,500 ಪೌಂಡ್ ಸಹಾಯಧನ ಕೊಡುತ್ತಿದೆ.

ಹಾಗಾದರೆ ಎಷ್ಟು ದೊಡ್ಡ ಪಂಪ್ ಹಾಕಿಸಬೇಕು? ಅಸಲು ಪ್ರಶ್ನೆ ಇದು.

ಚಳಿಗಾಳಿಯಲ್ಲೂ ಬಿಸಿ ಇದೆಯೇ?

ಮಕ್ಕಳೇ, ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೋಡಿದ್ದೀರಲ್ಲ? ಅನಿಲವನ್ನು ಒತ್ತಿದರೆ ಅದು ಬಿಸಿಯಾಗುತ್ತದೆ, ಹಿಗ್ಗಲು ಬಿಟ್ಟರೆ ತಣ್ಣಗಾಗುತ್ತದೆ. ಹೀಟ್ ಪಂಪಿನ ಗುಟ್ಟೂ ಇದರಲ್ಲೇ ಇದೆ.

ಹೊಸ ಪಂಪ್‌ಗಳಲ್ಲಿ ಹಲವಕ್ಕೆ ಪ್ರೊಪೇನ್ ತುಂಬಿರುತ್ತಾರೆ. ನಮ್ಮ ಅಡುಗೆ ಅನಿಲದ ಸಿಲಿಂಡರ್‌ನಲ್ಲೂ ಇರುವ ಅನಿಲ ಅದು. ನೀರು 100 ಡಿಗ್ರಿಯಲ್ಲಿ ಕುದಿದರೆ ಪ್ರೊಪೇನ್ ಮೈನಸ್ 42 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ನಮಗೆ ಹಲ್ಲು ಕಡಿಸುವ ಮೈನಸ್ 3 ಡಿಗ್ರಿಯ ಗಾಳಿ ಅದರ ಪಾಲಿಗೆ ಉರಿಯುವ ಒಲೆ! ಹೊರಗಿನ ಗಾಳಿಯ ಶಾಖ ಹೀರಿ ಅದು ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಇನ್ನಷ್ಟು ಬಿಸಿ ಮಾಡುತ್ತದೆ. ಆ ಬಿಸಿ ರೇಡಿಯೇಟರ್ ನೀರಿಗೆ ಸೇರುತ್ತದೆ. ಆವಿ ಮತ್ತೆ ದ್ರವವಾಗಿ ಹೊಸ ಸುತ್ತಿಗೆ ಹೊರಡುತ್ತದೆ.

ಕಂಪ್ರೆಸರ್ ಓಡಿಸಲು ಒಂದು ಯೂನಿಟ್ ವಿದ್ಯುತ್ ಕೊಟ್ಟರೆ ಮನೆಗೆ ಸುಮಾರು ಮೂರು ಯೂನಿಟ್ ಶಾಖ ಸಿಗುತ್ತದೆ. ಇದು ಹೊಸ ವಿದ್ಯೆಯೇನಲ್ಲ. ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕರಾಗಿದ್ದ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಜ್ಞಾನಿ, 1852ರಲ್ಲೇ ಇಂಥ ಯಂತ್ರದ ವಿಚಾರ ಮುಂದಿಟ್ಟಿದ್ದರು. 1945ರಲ್ಲಿ ಜಾನ್ ಸಮ್ನರ್ ಎಂಬ ಎಂಜಿನಿಯರ್ ನಾರಿಚ್ ನಗರದಲ್ಲಿ ನದಿಯ ನೀರಿನಿಂದ ಶಾಖ ತೆಗೆದು ಒಂದು ಕಟ್ಟಡವನ್ನೇ ಬೆಚ್ಚಗಿಟ್ಟರು.

ತೂತು ಕೊಡದ ಲೆಕ್ಕ

ತಳ ಸೋರುವ ಕೊಡವನ್ನು ನಲ್ಲಿಯ ಕೆಳಗಿಟ್ಟಿದ್ದೀರಿ ಎಂದುಕೊಳ್ಳಿ. ಕೊಡ ತುಂಬಿಯೇ ಇರಬೇಕಾದರೆ ಸೋರುವಷ್ಟೇ ನೀರು ಮೇಲಿಂದ ಬೀಳುತ್ತಿರಬೇಕು. ನಲ್ಲಿಯನ್ನು ಎಷ್ಟು ತಿರುಗಿಸಬೇಕೆಂದು ಹೇಳುವುದು ಕೊಡದ ಗಾತ್ರವಲ್ಲ, ತೂತಿನ ಗಾತ್ರ.

ಚಳಿನಾಡಿನ ಮನೆಯೂ ಅಂಥದೇ ಕೊಡ. ಗೋಡೆ, ಕಿಟಕಿ, ಚಾವಣಿ, ನೆಲ, ಬಾಗಿಲಿನ ಸಂದು, ಎಲ್ಲ ಕಡೆಯಿಂದಲೂ ಬಿಸಿ ಸೋರುತ್ತಲೇ ಇರುತ್ತದೆ. ಸೋರಿದಷ್ಟು ತುಂಬಿಕೊಡುವುದೇ ಪಂಪಿನ ಕೆಲಸ. ಆದ್ದರಿಂದ ಮನೆ ಎಷ್ಟು ಚದರ ಅಡಿ ಎಂದು ಕೇಳಿ ಪಂಪ್ ಆರಿಸಿದರೆ ಲೆಕ್ಕ ತಪ್ಪುತ್ತದೆ. ಎಷ್ಟು ಸೋರುತ್ತದೆ ಎಂದು ಅಳೆಯಬೇಕು.

ಅಜ್ಜನೂ ಮೊಮ್ಮಗಳೂ ಕೂತು ಮಾಡಬಹುದಾದ ಲೆಕ್ಕ ಇದು. ಒಳಗೆ 20 ಡಿಗ್ರಿ, ಹೊರಗೆ ಮೈನಸ್ 3 ಡಿಗ್ರಿ. ವ್ಯತ್ಯಾಸ 23. ಹಳೆಯ ಇಟ್ಟಿಗೆ ಗೋಡೆ ಒಂದು ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ, ಸುಮಾರು 2 ವ್ಯಾಟ್ ಶಾಖ ಬಿಟ್ಟುಕೊಡುತ್ತದೆ. ಅಂಥ 10 ಚದರ ಮೀಟರ್ ಗೋಡೆಗೆ 10 × 23 × 2 = 460 ವ್ಯಾಟ್. ಅದೇ ಗೋಡೆಗೆ ಶಾಖ ತಡೆಯುವ ದಪ್ಪ ಹೊದಿಕೆ ಹಾಕಿದರೆ 2 ಇದ್ದದ್ದು 0.3ಕ್ಕೆ ಇಳಿಯಬಹುದು. ಆಗ 10 × 23 × 0.3 = 69 ವ್ಯಾಟ್ ಮಾತ್ರ. ಗೋಡೆಗೆ ಕಂಬಳಿ ಹೊದಿಸಿದ ಹಾಗಾಯಿತು!

ಹೀಗೆ ಕೋಣೆ ಕೋಣೆಯ ಲೆಕ್ಕ ಹಾಕಿ ಕೂಡಿಸಿದಾಗ ಒಂದು ಮನೆಯ ಸೋರಿಕೆ 8 ಕಿಲೋವ್ಯಾಟ್ ಬಂತೆನ್ನಿ. ಆ ಊರಿನ ಕಡುಚಳಿಯ ದಿನ 8 ಕಿಲೋವ್ಯಾಟ್ ಕೊಡಬಲ್ಲ ಪಂಪ್ ಆ ಮನೆಗೆ ಸಾಕು.

ದೊಡ್ಡದಿದ್ದರೆ ಒಳ್ಳೆಯದಲ್ಲವೇ?

‘ಇರಲಿ ಬಿಡಿ, 16 ಕಿಲೋವ್ಯಾಟಿನದೇ ಹಾಕಿಸೋಣ’ ಎಂದು ಅನ್ನಿಸುವುದು ಸಹಜ. ಆದರೆ ಕಡುಚಳಿ ವರ್ಷಕ್ಕೆ ಕೆಲವೇ ದಿನ. ಹೊರಗೆ 8 ಡಿಗ್ರಿ ಇರುವ ದಿನ ವ್ಯತ್ಯಾಸ 12 ಮಾತ್ರ. ಅಂದು ಅದೇ ಮನೆಗೆ ಸುಮಾರು 4 ಕಿಲೋವ್ಯಾಟ್ ಸಾಕು. ಪಂಪ್ ತನ್ನ ವೇಗ ತಗ್ಗಿಸಿಕೊಳ್ಳಬಲ್ಲದು, ನಿಜ. ಆದರೆ ತನ್ನ ಶಕ್ತಿಯ ಕಾಲು ಭಾಗಕ್ಕೋ ಮೂರನೇ ಒಂದು ಭಾಗಕ್ಕೋ ಇಳಿದ ಮೇಲೆ ಅದಕ್ಕಿಂತ ನಿಧಾನ ಅದಕ್ಕೆ ಸಾಧ್ಯವಿಲ್ಲ. ಹಾಗಾಗಿ ದೊಡ್ಡ ಪಂಪ್ ಹೊತ್ತಿಕೊಳ್ಳುತ್ತದೆ, ಆರುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ. ಕಂಪ್ರೆಸರ್ ಸವೆಯುತ್ತದೆ, ಬಿಲ್ಲು ಏರುತ್ತದೆ.

ಬಿಲ್ಲಿನ ಮಾತು ಚಿಕ್ಕದಲ್ಲ. ಬ್ರಿಟನ್ನಿನಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಅಷ್ಟೇ ಶಾಖದ ಗ್ಯಾಸಿಗಿಂತ ಸುಮಾರು ನಾಲ್ಕು ಪಟ್ಟು ಬೆಲೆ. ಪಂಪ್ ಒಂದಕ್ಕೆ ಮೂರೂವರೆ, ನಾಲ್ಕು ಪಟ್ಟು ಶಾಖ ಕೊಟ್ಟರಷ್ಟೇ ಲೆಕ್ಕ ಸರಿದೂಗುತ್ತದೆ. ಇಲ್ಲದಿದ್ದರೆ ಸಹಾಯಧನ ಸಿಕ್ಕ ಸಂತೋಷ ತಿಂಗಳ ಬಿಲ್ಲಿನಲ್ಲಿ ಕರಗುತ್ತದೆ.

ತೀರಾ ಚಿಕ್ಕದಾದರೂ ಕಷ್ಟವೇ. ಕಡುಚಳಿಯ ರಾತ್ರಿ ಶಾಖ ಸಾಲದೆ, ಸಾದಾ ವಿದ್ಯುತ್ ಹೀಟರ್ ಹೊತ್ತಿಸಬೇಕಾಗುತ್ತದೆ. ಅದು ಒಂದಕ್ಕೆ ಒಂದೇ ಪಟ್ಟು ಶಾಖ ಕೊಡುತ್ತದೆ. ಖರ್ಚಿಗೆ ಹೆದರಿ ಅದನ್ನೂ ಆರಿಸಿ ಕೂತರೆ ಮನೆ ತಣ್ಣಗಾಗುತ್ತದೆ. ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಣ್ಣನೆಯ ಮನೆಯಿಂದ ಮೊದಲು ತೊಂದರೆಗೆ ಸಿಲುಕುವವರು ವಯಸ್ಸಾದವರು ಮತ್ತು ಪುಟ್ಟ ಮಕ್ಕಳು.

ಹಳೇ ಬಾಯ್ಲರ್ ನೋಡಿ ಮೋಸಹೋಗಬೇಡಿ

ಗೋಡೆಯ ಮೇಲಿನ ಬಾಯ್ಲರ್‌ನಲ್ಲಿ 24 ಕಿಲೋವ್ಯಾಟ್ ಎಂದು ಬರೆದಿದ್ದರೆ ಪಂಪೂ ಅಷ್ಟೇ ದೊಡ್ಡದಿರಬೇಕೆಂದು ತಿಳಿಯಬಾರದು. ಸ್ನಾನಕ್ಕೆ ನಲ್ಲಿ ತಿರುಗಿಸಿದ ಕ್ಷಣದಲ್ಲೇ ನೀರು ಕಾಯಿಸಿ ಕೊಡಬೇಕಲ್ಲ, ಬಾಯ್ಲರ್‌ಗೆ ಅಷ್ಟು ಶಕ್ತಿ ಕೊಟ್ಟಿರುವುದು ಅದಕ್ಕಾಗಿ. ಹೀಟ್ ಪಂಪ್ ಮಾತ್ರ ನಮ್ಮ ಬಚ್ಚಲ ಹಂಡೆಯ ಜಾತಿ. ನಿಧಾನವಾಗಿ ನೀರು ಕಾಯಿಸಿ ದೊಡ್ಡ ಟ್ಯಾಂಕಿನಲ್ಲಿ ಕೂಡಿಡುತ್ತದೆ.

ಇನ್ನೊಂದು ಮಾತು. ಪಂಪಿನ ಮೇಲೆ ಬರೆದ ಕಿಲೋವ್ಯಾಟ್ ಸಾಮಾನ್ಯವಾಗಿ ಹೊರಗೆ 7 ಡಿಗ್ರಿ ಇದ್ದಾಗಿನ ಲೆಕ್ಕ. ಚಳಿ ಹೆಚ್ಚಿದಂತೆ ಅದರ ಕಸುವು ಕುಂದುತ್ತದೆ. ತೇವದ ಚಳಿಯಲ್ಲಿ ಹೊರಗಿನ ಪೆಟ್ಟಿಗೆಗೆ ಹಿಮ ಕಟ್ಟಿ, ಅದನ್ನು ಕರಗಿಸಲೂ ಒಂದಿಷ್ಟು ಶಾಖ ಹೋಗುತ್ತದೆ. ಕಡುಚಳಿಯಲ್ಲಿ ಅದು ಎಷ್ಟು ಕೊಡುತ್ತದೆ ಎಂಬುದನ್ನೇ ನೋಡಬೇಕು.

ಮುಂದೆ ಮಗಳೋ ಮಗನೋ ಅಲ್ಲಿಂದ ಫೋನ್ ಮಾಡಿ, ‘ಅಮ್ಮಾ, ಹೀಟ್ ಪಂಪ್ ಹಾಕಿಸ್ತಾ ಇದ್ದೀವಿ’ ಎಂದರೆ ಮೂರು ಪ್ರಶ್ನೆ ಕೇಳಿ:

‘ಮೊದಲು ಅಟ್ಟಕ್ಕೆ ಹೊದಿಕೆ ಹಾಕಿಸಿ, ಸಂದುಗೊಂದು ಮುಚ್ಚಿಸಿದ್ರಾ?’ ತೂತು ಮುಚ್ಚಿದರೆ ಚಿಕ್ಕ ಪಂಪೇ ಸಾಕಾಗುತ್ತದೆ.

‘ಕೋಣೆ ಕೋಣೆಗೂ ಬಂದು ಅಳತೆ ತಗೊಂಡ್ರಾ?’ ಬಾಗಿಲಲ್ಲೇ ನಿಂತು ಗಾತ್ರ ಹೇಳುವವರನ್ನು ನಂಬಬಾರದು.

‘ರೇಡಿಯೇಟರ್ ದೊಡ್ಡವು ಇವೆಯಾ?’ ಬಾಯ್ಲರ್ ನೀರು 60, 70 ಡಿಗ್ರಿ ಇದ್ದರೆ ಪಂಪಿನ ನೀರು 40, 50 ಡಿಗ್ರಿಯಲ್ಲೇ ಚೆನ್ನಾಗಿ ಕೆಲಸ ಮಾಡುತ್ತದೆ. ಉಗುರುಬೆಚ್ಚಗಿನ ನೀರು ಕೋಣೆ ಕಾಯಿಸಲು ಅಗಲವಾದ ರೇಡಿಯೇಟರ್ ಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಮಕ್ಕಳಿಗೆ ಹೇಳಿಕೊಟ್ಟವರು ನೀವೇ ಅಲ್ಲವೇ? ಈ ಪ್ರಶ್ನೆಗಳನ್ನೂ ನೀವೇ ಕೇಳಿ.