ನಾಮಿನಿ ಬೇರೆ, ವಾರಸದಾರ ಬೇರೆ: ಸಹಿಗೆ ಮುಂಚೆ ತಿಳಿಯಬೇಕಾದ ಕೆಲವು ಇಂಗ್ಲಿಷ್ ಶಬ್ದಗಳು

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಮನೆಗಳಲ್ಲಿ ಮೂರು ಭಾಷೆಗಳ ಸಂಸಾರ. ಅಡಿಗೆಮನೆಯಲ್ಲಿ ಕನ್ನಡ, ಪೇಠೆಯಲ್ಲಿ ಮತ್ತು ಸರಕಾರಿ ಕಚೇರಿಯಲ್ಲಿ ಮರಾಠಿ, ಬ್ಯಾಂಕು ಹಾಗೂ ವಿಮೆಯ ಕಾಗದಗಳಲ್ಲಿ ಇಂಗ್ಲಿಷ್. ಮೊದಲಿನ ಎರಡರಲ್ಲಿ ವ್ಯಾಪಾರಸ್ಥರನ್ನು ಮೋಸಗೊಳಿಸುವುದು ಸುಲಭವಲ್ಲ. ಉದ್ರಿ ಯಾವುದು, ರೋಖ ಯಾವುದು, ವಟಾವ ಎಷ್ಟು ಮುರಿಯಬೇಕು ಎಂಬುದು ಗಾದಿಯ ಮೇಲೆ ಹೊಸದಾಗಿ ಕುಳಿತ ಹುಡುಗನಿಗೂ ಗೊತ್ತು. ಮೂರನೆಯ ಭಾಷೆ ಬಂದಾಗ ಮಾತ್ರ ಬಹಳ ಜನ, ಪೆನ್ಸಿಲ್ಲಿನಿಂದ ಗುರುತು ಮಾಡಿಕೊಟ್ಟ ಕಡೆಯೆಲ್ಲ ಓದದೆ ಸಹಿ ಹಾಕುತ್ತ ಹೋಗುತ್ತಾರೆ. ನಾವು ಮ್ಯಾಟ್ರಿಕ್ ಮುಗಿಸಿ ಅಂಗಡಿಗೆ ಬಂದವರು, ವಕೀಲರಲ್ಲ. ಆದರೂ ಇಷ್ಟು ವರ್ಷ ಕಾಗದಪತ್ರ ನೋಡಿದ ಮೇಲೆ, ಕೆಲವು ಜೋಡಿ ಶಬ್ದಗಳನ್ನಾದರೂ ಮನೆಮಂದಿಯೆಲ್ಲ ಬೇರೆ ಮಾಡಿ ತಿಳಿದಿರಬೇಕು ಎನಿಸಿದೆ.

ಮೊದಲು 'ವಿಟ್ನೆಸ್' ಮತ್ತು 'ಗ್ಯಾರಂಟರ್'. ಬೀಗರು ಬಂದು, "ಸಾಲದ ಅರ್ಜಿಗೆ ಒಂದು ಸಹಿ ಬೇಕಾಗಿತ್ತು, ಬರೀ ಸಾಕ್ಷಿಗೆ" ಎನ್ನುತ್ತಾರೆ. ವಿಟ್ನೆಸ್ ಎಂದರೆ ನಿಜವಾಗಿಯೂ ಬರೀ ಸಾಕ್ಷಿ. ಇಂಥವರು ನನ್ನ ಕಣ್ಣೆದುರು ಸಹಿ ಮಾಡಿದರು ಎಂದು ಹೇಳುವವನು ಅಷ್ಟೇ, ಸಾಲಕ್ಕೂ ಅವನಿಗೂ ಸಂಬಂಧವಿಲ್ಲ. ಗ್ಯಾರಂಟರ್ ಎಂದರೆ ಜಾಮೀನುದಾರ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಅರ್ಧವಲ್ಲ, ಕಾಲುಭಾಗವಲ್ಲ. ಮೊದಲು ಸಾಲಗಾರನ ಆಸ್ತಿ ಹರಾಜಾಗಲಿ, ಆಮೇಲೆ ನಮ್ಮ ಕಡೆ ಬರಲಿ ಎಂದು ಹೇಳುವ ಹಕ್ಕೂ ಸಾಮಾನ್ಯವಾಗಿ ಇರುವುದಿಲ್ಲ. ಹಣ ತುಂಬಿದ ಮೇಲೆ ಅದನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕು ಜಾಮೀನುದಾರನಿಗೆ ಕಾಯ್ದೆ ಕೊಟ್ಟಿದೆ. ಆದರೆ ಬೀಗರ ಮೇಲೆ ದಾವೆ ಹೂಡುವವರು ನಮ್ಮಲ್ಲಿ ಎಷ್ಟು ಜನ? ಅದೇ ಫಾರ್ಮಿನಲ್ಲಿ 'ಕಂಟಿನ್ಯೂಯಿಂಗ್' ಎಂಬ ಶಬ್ದ ಕಂಡರೆ ಇನ್ನೂ ಜೋಕೆ. ಜಾಮೀನು ಈ ಒಂದು ವ್ಯವಹಾರಕ್ಕೆ ಮಾತ್ರವಲ್ಲ, ಮುಂದೆ ನಡೆಯುವವುಗಳಿಗೂ ಹಬ್ಬುತ್ತದೆ ಎಂದು ಅದರ ಅರ್ಥ. ಮುಂದಿನ ವ್ಯವಹಾರಗಳ ಮಟ್ಟಿಗೆ ನೋಟೀಸು ಕೊಟ್ಟು ಅದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು, ಹಳೆಯದರ ಹೊಣೆ ಉಳಿದೇ ಇರುತ್ತದೆ.

ಗ್ಯಾರಂಟಿ ಎಂಬ ಶಬ್ದ ನಮ್ಮ ಆಡುಮಾತಿನಲ್ಲಿ ಹಗುರಾಗಿಬಿಟ್ಟಿದೆ. "ನಾಳೆ ಗ್ಯಾರಂಟಿ ಬರುತ್ತಾನೆ" ಎಂದರೆ ಖಂಡಿತ ಬರುತ್ತಾನೆ ಎಂದಷ್ಟೇ. ಮಿಕ್ಸರಿನ ಪೆಟ್ಟಿಗೆಯ ಮೇಲೆ ಗ್ಯಾರಂಟಿ ಇದ್ದರೆ ಬದಲಿಸಿ ಕೊಡುವುದು, ವಾರಂಟಿ ಇದ್ದರೆ ದುರಸ್ತಿ ಮಾಡಿ ಕೊಡುವುದು ಎಂದು ಪೇಠೆಯ ರೂಢಿ. ಇದು ರೂಢಿಯೇ ಹೊರತು ಕಾಯ್ದೆಯ ಮಾತಲ್ಲ, ಕಾರ್ಡಿನಲ್ಲಿ ಅಚ್ಚಾದದ್ದೇ ನಡೆಯುವುದು. 1930ರ ಮಾಲು ಮಾರಾಟ ಕಾಯ್ದೆಯಲ್ಲಿ ವಾರಂಟಿಯ ಜೋಡಿ ಗ್ಯಾರಂಟಿಯಲ್ಲ, 'ಕಂಡೀಷನ್'. ಕಂಡೀಷನ್ ಮುರಿದರೆ ಮಾಲನ್ನೇ ನಿರಾಕರಿಸಬಹುದು. ವಾರಂಟಿ ಮುರಿದರೆ ನುಕಸಾನಿ ಕೇಳಬಹುದೇ ಹೊರತು ಮಾಲು ತಿರುಗಿಸುವಂತಿಲ್ಲ. ಆರ್ಡರ್ ಬರೆಯುವವರು ಇದನ್ನು ನೆನಪಿಡಬೇಕು.

ಇನ್ನು 'ಅರ್' ಮತ್ತು 'ಈ' ಎಂದು ಮುಗಿಯುವ ಜೋಡಿಗಳು. ಸಾಮಾನ್ಯವಾಗಿ ಮಾಡುವವನು 'ಅರ್', ಮಾಡಿಸಿಕೊಳ್ಳುವವನು 'ಈ'. ಲಾರಿ ರಸೀದಿಯಲ್ಲಿ ಮಾಲು ಕಳಿಸುವವನು ಕನ್ಸೈನರ್, ಮಾಲು ಸೇರುವವನು ಕನ್ಸೈನಿ. ಚೆಕ್ಕು ಬರೆದವನು ಡ್ರಾಯರ್, ಹಣ ಕೊಡಬೇಕಾದ ಬ್ಯಾಂಕು ಡ್ರಾಯಿ, ಹಣ ಪಡೆಯುವವನು ಪೇಯಿ. ಎಡವುವುದು ಮಾರ್ಟ್‌ಗೇಜಿನಲ್ಲಿ. ಮಾರ್ಟ್‌ಗೇಜರ್ ಎಂದರೆ ಸಾಲ ಕೊಟ್ಟ ಧಣಿ ಎಂದು ತಿಳಿಯುವವರೇ ಹೆಚ್ಚು. ಅಲ್ಲ, ಅವನು ಸಾಲಕ್ಕಾಗಿ ಆಸ್ತಿಯನ್ನು ಒತ್ತೆ ಇಟ್ಟವನು. ಸಾಲ ಕೊಟ್ಟವರು ಯಾರು ಎಂದು ನೋಡದೆ ಒತ್ತೆ ಕೊಟ್ಟವರು ಯಾರು ಎಂದು ನೋಡಿದರೆ ಗೊಂದಲವಿಲ್ಲ.

ಮಹಾರಾಷ್ಟ್ರದಲ್ಲಿ ಮನೆ ಬಾಡಿಗೆಗೆ ಕೊಡುವವರು 'ಲೀಸ್' ಮತ್ತು 'ಲೀವ್ ಅಂಡ್ ಲೈಸೆನ್ಸ್' ಎಂಬ ಎರಡನ್ನೂ ಕೇಳಿರುತ್ತಾರೆ. ಲೀಸಿನಲ್ಲಿ ಜಾಗದ ಮೇಲೆ ಒಂದು ಹಕ್ಕೇ ಬಾಡಿಗೆದಾರನಿಗೆ ಹೋಗುತ್ತದೆ, ಲೈಸೆನ್ಸಿನಲ್ಲಿ ಇರಲು ಅನುಮತಿ ಮಾತ್ರ. ಮೇಲೆ ಲೈಸೆನ್ಸ್ ಎಂದು ಬರೆದಮಾತ್ರಕ್ಕೆ ಅದು ಲೈಸೆನ್ಸ್ ಆಗುವುದಿಲ್ಲ, ಒಳಗಿನ ತಿರುಳು ನೋಡಬೇಕು ಎಂದು ಸುಪ್ರೀಂ ಕೋರ್ಟು 1959ರಲ್ಲೇ ಹೇಳಿದೆ. ಯಾವುದೇ ಇರಲಿ, 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಕರಾರು ಬರವಣಿಗೆಯಲ್ಲಿದ್ದು ನೋಂದಣಿಯಾಗಿರಬೇಕು. ನೋಂದಣಿ ಮಾಡಿಸುವ ಜವಾಬ್ದಾರಿ ಮನೆಯ ಮಾಲಕನದು.

ಗಂಡಹೆಂಡಿರ ಜಂಟಿ ಖಾತೆಯ ಬಗ್ಗೆ ತಾಯಂದಿರು ಗಮನಿಸಬೇಕು. 'ಈದರ್ ಆರ್ ಸರ್ವೈವರ್' ಎಂದಿದ್ದರೆ ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯಬಹುದು. 'ಫಾರ್ಮರ್ ಆರ್ ಸರ್ವೈವರ್' ಎಂದಿದ್ದರೆ ಮೊದಲ ಹೆಸರಿನವರು ಜೀವಂತ ಇರುವವರೆಗೆ ಅವರೊಬ್ಬರೇ. ಯಜಮಾನರು ಆಸ್ಪತ್ರೆಯಲ್ಲಿ ಮಲಗಿದ ದಿನ ಈ ಒಂದು ಶಬ್ದದ ಅಂತರ ಎಷ್ಟೆಂದು ತಿಳಿಯುತ್ತದೆ. ಪಾಸ್‌ಬುಕ್ಕನ್ನು ಈಗಲೇ ತೆಗೆದು ನೋಡಿರಿ.

ಎಲ್ಲಕ್ಕಿಂತ ಹೆಚ್ಚು ಮನೆ ಒಡೆದ ಶಬ್ದ 'ನಾಮಿನಿ'. ನಮ್ಮ ಕಡೆ ಇದನ್ನು ವಾರಸದಾರ ಎಂದೇ ಅರ್ಥ ಮಾಡಿ ಹೇಳುತ್ತಾರೆ. ನಮ್ಮ ಬಳಗದಲ್ಲೇ ಒಬ್ಬರು ಮದುವೆಗೆ ಮುಂಚೆ ಇಟ್ಟ ಠೇವಣಿಗೆ ಅಣ್ಣನ ಹೆಸರು ಬರೆಸಿದ್ದರು. ಮದುವೆಯಾಗಿ ಮಕ್ಕಳಾದರೂ ಹೆಸರು ಬದಲಾಗಲಿಲ್ಲ. ಅವರು ತೀರಿಕೊಂಡಾಗ ಬ್ಯಾಂಕು ನಿಯಮದಂತೆ ಅಣ್ಣನ ಕೈಗೆ ಹಣ ಕೊಟ್ಟಿತು. ಅಣ್ಣ ಆಸೆಬುರುಕರಲ್ಲ, ಹೆಸರು ತಮ್ಮದಿದ್ದ ಮೇಲೆ ಹಣವೂ ತಮ್ಮದೇ ಎಂದು ತಿಳಿದಿದ್ದರು. ದುಃಖದ ಸಂಗತಿ ಎಂದರೆ ಆ ತಂಗಿಯೂ ಹಾಗೆಯೇ ತಿಳಿದು ಸುಮ್ಮನಿದ್ದಳು. ಹಿರಿಯರು ನಾಲ್ಕು ಜನ ಕೂತು ತಿಳಿಸಿ ಹೇಳಿದ ಮೇಲೆ ಹಣ ಮಕ್ಕಳ ಹೆಸರಿಗೆ ಬಂತು.

ಬ್ಯಾಂಕು ಯಾರ ಕೈಗೆ ಹಣ ಕೊಟ್ಟು ತನ್ನ ಹೊಣೆ ಮುಗಿಸಿಕೊಳ್ಳಬಹುದೋ ಅವನು ನಾಮಿನಿ. ಆ ಹಣ ಕಡೆಗೆ ಯಾರಿಗೆ ಸೇರಬೇಕೋ ಅವನು ವಾರಸದಾರ. ಮೃತ್ಯುಪತ್ರವಿದ್ದರೆ ಅದರಂತೆ, ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ. ಈ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. ಗಂಡಸು ಮೃತ್ಯುಪತ್ರ ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿ ಮೊದಲ ವರ್ಗದ ವಾರಸದಾರರಲ್ಲಿ ಸೇರುತ್ತಾರೆ. ಅಣ್ಣ ತಮ್ಮಂದಿರು ಅದರಲ್ಲಿಲ್ಲ. ವಿಮೆಯ ನಾಮಿನಿ ಹಣ ಪಡೆಯುವವನೇ ಹೊರತು ಒಡೆಯನಲ್ಲ ಎಂದು ಸುಪ್ರೀಂ ಕೋರ್ಟು 1983ರಲ್ಲಿ ಹೇಳಿತ್ತು. ಶೇರುಗಳ ನಾಮಿನಿಯ ಬಗ್ಗೆಯೂ 2023ರ ಡಿಸೆಂಬರಿನಲ್ಲಿ ಇದನ್ನೇ ಹೇಳಿತು. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯಿಂದ ಒಂದು ಬದಲಾವಣೆ ಬಂದಿದೆ: ತನ್ನ ಪಾಲಿಸಿಗೆ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದ್ದರೆ ಸಾಮಾನ್ಯವಾಗಿ ಹಣ ಅವರದೇ ಆಗುತ್ತದೆ.

2025ರ ನವೆಂಬರ್ 1ರಿಂದ ಬ್ಯಾಂಕು ಠೇವಣಿಗೆ ನಾಲ್ಕು ಜನರವರೆಗೆ ನಾಮಿನಿ ಹಚ್ಚಬಹುದು. ಯಾರಿಗೆ ಶೇಕಡಾ ಎಷ್ಟು ಎಂದೂ ಬರೆಯಬಹುದು, ಒಬ್ಬರ ನಂತರ ಒಬ್ಬರು ಎಂದೂ ಬರೆಯಬಹುದು. ಲಾಕರಿಗಾದರೆ ಒಬ್ಬರ ನಂತರ ಒಬ್ಬರು ಮಾತ್ರ. ಮದುವೆಗೆ ಮುಂಚೆ ತೆರೆದ ಖಾತೆ ಇದ್ದವರು ಬ್ಯಾಂಕಿಗೆ ಹೋಗಿ ಅದರಲ್ಲಿ ಯಾರ ಹೆಸರಿದೆ ಎಂದು ಕೇಳಿಕೊಂಡು ಬರಬೇಕು.