ಅಪ್ಪಣೆ ಎಲ್ಲಿ ನಿಂತಿತು?

ಜಮಖಂಡಿ ಸೀಮೆಯ ತುಬಚಿ ಎಂದೊಡನೆ ತುಬಚಿ–ಬಬಲೇಶ್ವರ ಏತ ನೀರಾವರಿಯು ನೆನಪಿಗೆ ಬರುವುದು. ಕೃಷ್ಣೆಯ ನೀರನ್ನು ಮೇಲೆತ್ತಿ ವಿಜಯಪುರ ಜಿಲ್ಲೆಯ ಒಣಭೂಮಿಗೆ ಉಣಿಸುವುದು ಅದರ ಉದ್ದೇಶ. ನೀರೆತ್ತುವ ಶ್ರಮವೆಲ್ಲ ಮೋಟಾರುಗಳದು. ಮೋಟಾರು ದೊಡ್ಡದಿರಲಿ, ಚಿಕ್ಕದಿರಲಿ, ಅದಕ್ಕೆ ಎರಡು ಬೇಕು: ತಿರುಗಲು ಶಕ್ತಿ, ಯಾವಾಗ ತಿರುಗಬೇಕೆಂಬ ಅಪ್ಪಣೆ. ಇವೆರಡರ ದಾರಿಗಳು ಬೇರೆ ಬೇರೆ. ಈ ಭೇದವನ್ನು ಮರೆತವನು ದೋಷವನ್ನು ಕತ್ತಲೆಯಲ್ಲಿ ತಡಕಾಡಬೇಕಾಗುವುದು.

ವಿದ್ಯಾರ್ಥಿಯ ಮೇಜಿನ ಮೇಲೆಯೇ ಇದನ್ನು ಪರೀಕ್ಷಿಸೋಣ. ಕಂಪ್ಯೂಟರು ತನ್ನ ಅಪ್ಪಣೆಯನ್ನು ಯು.ಎಸ್.ಬಿ. ತಂತಿಯಲ್ಲಿ ಒಂದು ಬಿಟ್ಟಿನ ಹಿಂದೆ ಇನ್ನೊಂದರಂತೆ ಕಳುಹಿಸುವುದು. ಆರ್ಡುಯಿನೊ ಊನೊದಂತಹ ಫಲಕವು ಅದನ್ನು ಓದಿ ಚಾಲಕ ಮಂಡಲಕ್ಕೆ ತಿಳಿಸುವುದು. ಚಾಲಕ ಮಂಡಲವು ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಬಿಡುವುದು.

ಮೋಟಾರು ತಿರುಗಲಿಲ್ಲವೆನ್ನಿ. ಆಗ ಎಲ್ಲವನ್ನೂ ಬಿಚ್ಚತೊಡಗಬಾರದು. ಸರಪಣಿಯ ನಡುವಿನ ಕೊಂಡಿಯನ್ನು ಮೊದಲು ನೋಡಬೇಕು. ಅಪ್ಪಣೆ ಬಂದೊಡನೆ ಫಲಕದ ಮೇಲಿನ ಪುಟ್ಟ ದೀಪವು ಹೊತ್ತಿಕೊಳ್ಳುವಂತೆ ಕಾರ್ಯಕ್ರಮವನ್ನು ಬರೆಯೋಣ. ದೀಪ ಹೊತ್ತಿದರೆ ಅಪ್ಪಣೆಯು ಫಲಕವನ್ನು ಮುಟ್ಟಿದೆ, ದೋಷವು ಅದರಾಚೆಗಿದೆ. ಹೊತ್ತದಿದ್ದರೆ ದೋಷವು ಈಚೆಗಿದೆ. ಒಂದೇ ಪರೀಕ್ಷೆಯಿಂದ ಅರ್ಧ ಕೆಲಸ ಮುಗಿಯಿತು!

ಈಚೆಗಿನ ದೋಷಗಳು ಮುಖ್ಯವಾಗಿ ಮೂರು. ಮೊದಲನೆಯದು ವೇಗದ ಹೊಂದಿಕೆ. ಸೆಕೆಂಡಿಗೆ 9600 ಬಿಟ್ಟುಗಳ ವೇಗದಲ್ಲಿ, ಆರಂಭ ಮತ್ತು ಅಂತ್ಯದ ಬಿಟ್ಟುಗಳೂ ಸೇರಿ ಅಕ್ಷರವೊಂದಕ್ಕೆ 10 ಬಿಟ್ಟುಗಳಾದುದರಿಂದ, 960 ಅಕ್ಷರಗಳು ಸಾಗುವುವು. ಎರಡು ತುದಿಗಳ ವೇಗ ಒಂದೇ ಆಗಿರದಿದ್ದರೆ ಸಂದೇಶವು ಕಲಸಿಹೋಗುವುದು. ಎರಡನೆಯದು ಅಕ್ಷರಕ್ಕೂ ಸಂಖ್ಯೆಗೂ ಇರುವ ಅಂತರ: ನಾವು ಒತ್ತಿದ ‘1’ ಎಂಬ ಅಕ್ಷರವು ಫಲಕಕ್ಕೆ 49 ಎಂಬ ಸಂಖ್ಯೆಯಾಗಿ ತಲುಪುವುದು. ಮೂರನೆಯದು ಅವಸರ: ಸಂಪರ್ಕ ತೆರೆದೊಡನೆ ಊನೊ ಹೊಸದಾಗಿ ಆರಂಭವಾಗುವುದು; ಆ ಕ್ಷಣದಲ್ಲಿ ಕಳುಹಿಸಿದ ಅಪ್ಪಣೆ ವ್ಯರ್ಥ. ಸುಮಾರು 2 ಸೆಕೆಂಡು ಕಾಯಬೇಕು.

ಇನ್ನು ಶಕ್ತಿಯ ದಾರಿ. ನಿಂತಿರುವ ಮೋಟಾರಿನಲ್ಲಿ ಪ್ರತಿ ವಿದ್ಯುಚ್ಚಾಲಕ ಬಲವಿಲ್ಲ. ಪ್ರವಾಹವನ್ನು ತಡೆಯುವುದು ಸುರುಳಿಯ ರೋಧವೊಂದೇ. 3 ಓಮ್ ರೋಧದ ಮೋಟಾರಿಗೆ 6 ವೋಲ್ಟು ಕೊಟ್ಟರೆ ಮೊದಲ ಕ್ಷಣದ ಪ್ರವಾಹ 2 ಆಂಪಿಯರಿನಷ್ಟಾಗುವುದು. ಊನೊದ ಒಂದು ಕಡ್ಡಿಯಿಂದ ಪಡೆಯತಕ್ಕುದು ಕೇವಲ 20 ಮಿಲಿಆಂಪಿಯರು, ಯು.ಎಸ್.ಬಿ. 2.0 ಕಿಂಡಿಯ ಮಿತಿಯೂ 500 ಮಿಲಿಆಂಪಿಯರು. ಫಲಕ, ಮೋಟಾರುಗಳೆರಡಕ್ಕೂ ಒಂದೇ ಮೂಲವಿದ್ದರೆ, ಮೋಟಾರು ಹೊರಟೊಡನೆ ವೋಲ್ಟೇಜು ಕುಸಿದು ಫಲಕವು ಮರಳಿ ಆರಂಭವಾಗುವುದು. ನೋಡುವವನಿಗೆ ಸಂಪರ್ಕವೇ ಕಡಿದಂತೆ ತೋರುವುದು. ನಿಜವಾದ ದೋಷ ಶಕ್ತಿಯದು. ಮೋಟಾರಿಗೆ ಬೇರೆ ಬ್ಯಾಟರಿಯನ್ನು ಕೊಟ್ಟು, ಎರಡರ ಋಣ ತುದಿಗಳನ್ನು ಮಾತ್ರ ಜೋಡಿಸುವುದೇ ಪರಿಹಾರ.

ಕೊನೆಗೊಂದು ಎಚ್ಚರಿಕೆ. ಫಲಕಕ್ಕೆ ಪ್ರತ್ಯೇಕ ಶಕ್ತಿಮೂಲವಿದ್ದಾಗ, ನಡುವೆ ಯು.ಎಸ್.ಬಿ. ತಂತಿ ಕಳಚಿದರೂ ಮೋಟಾರು ನಿಲ್ಲದು. ಕೊನೆಯ ಅಪ್ಪಣೆಯನ್ನೇ ಪಾಲಿಸುತ್ತಿರುವುದು. ಕೈಬೆರಳು ಸಿಕ್ಕಿಕೊಂಡಾಗ ಇದು ಸಣ್ಣ ವಿಷಯವಲ್ಲ. ಆದುದರಿಂದ ಒಂದು ಸೆಕೆಂಡಿನವರೆಗೆ ಸುದ್ದಿ ಬಾರದಿದ್ದರೆ ಮೋಟಾರನ್ನು ತಾನಾಗಿಯೇ ನಿಲ್ಲಿಸುವಂತೆ ಫಲಕಕ್ಕೆ ಕಲಿಸಬೇಕು. ಅನಂತರ ತಂತಿಯನ್ನು ಬೇಕೆಂದೇ ಕಿತ್ತು ಪರೀಕ್ಷಿಸಬೇಕು. ಅಪ್ಪಣೆಯಿಲ್ಲದಾಗ ನಿಲ್ಲಬಲ್ಲ ಯಂತ್ರವನ್ನೇ ನಾವು ನಂಬಬಹುದು.