ವೇಗ, ವೇಗೋತ್ಕರ್ಷ, ತರಂಗ: ಒಂದು ಶಬ್ದವಿಚಾರ

ವ್ಯಾಕರಣವನ್ನೋದಿದವನಿಗೆ ಭೌತವಿಜ್ಞಾನದ ಗೊಡವೆಯೇಕೆಂದು ವಾಚಕರು ಕೇಳಬಹುದು. ನನ್ನದೊಂದು ತಪ್ಪೇ ಈ ಲೇಖನಕ್ಕೆ ಕಾರಣ. ಒಂದು ವರ್ಷ ಗುಂಜಹಳ್ಳಿಯ ಹುಡುಗನೊಬ್ಬನು ‘ವೇಗೋತ್ಕರ್ಷ’ವೆಂದರೇನೆಂದು ನನ್ನನ್ನು ಕೇಳಿದನು. ವೇಗ ಎಂಬುದರ ಮುಂದೆ ಉತ್ಕರ್ಷ ಬಂದು ಗುಣಸಂಧಿಯಾಗಿದೆ; ಉತ್ಕರ್ಷವೆಂದರೆ ಹಿರಿಮೆ; ಆದ್ದರಿಂದ ಮಿಗಿಲಾದ ವೇಗವೇ ವೇಗೋತ್ಕರ್ಷ ಎಂದು ಒಡನೆಯೇ ಹೇಳಿ ಕಳುಹಿಸಿದೆನು. ಅವನು ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕಗಳನ್ನು ಕಳೆದುಕೊಂಡನು. ಸಂಧಿ ಸರಿಯಾಗಿತ್ತು, ಅರ್ಥ ತಪ್ಪಿತ್ತು.

ವಿಜ್ಞಾನದಲ್ಲಿ ವೇಗೋತ್ಕರ್ಷವೆಂದರೆ ವೇಗವು ಬದಲಾಗುವ ದರ. ಮುಂಬಯಿ ಮತ್ತು ಮದರಾಸಿನ ಕಡೆಗಳಿಂದ ಬಂದ ರೈಲುಹಳಿಗಳು 1871ರಲ್ಲಿ ನಮ್ಮ ರಾಯಚೂರಿನಲ್ಲಿಯೇ ಕೂಡಿದವು. ಆ ನಿಲ್ದಾಣವನ್ನು ಬಿಟ್ಟ ಗಾಡಿಯೊಂದು 50 ಸೆಕೆಂಡುಗಳಲ್ಲಿ, ಸೆಕೆಂಡಿಗೆ 20 ಮೀಟರು, ಎಂದರೆ ತಾಸಿಗೆ 72 ಕಿಲೋಮೀಟರು ವೇಗವನ್ನು ಪಡೆಯಿತೆಂದು ಭಾವಿಸಿರಿ. ಒಂದೊಂದು ಸೆಕೆಂಡಿಗೂ ಅದರ ವೇಗಕ್ಕೆ ಸರಾಸರಿ 0.4 ಮೀಟರು ಕೂಡುತ್ತ ಬಂದಿತು; ಇದೇ ವೇಗೋತ್ಕರ್ಷ. ಅನಂತರ ಗಾಡಿಯು ನೇರವಾದ ಹಳಿಯ ಮೇಲೆ ಅದೇ ವೇಗದಿಂದ ಓಡುತ್ತಿದ್ದರೆ ವೇಗೋತ್ಕರ್ಷ ಸೊನ್ನೆ! ಅದೇ ಹೊತ್ತಿನಲ್ಲಿ ಆಗತಾನೆ ಹೊರಟ ಎತ್ತಿನ ಬಂಡಿಗೆ ವೇಗೋತ್ಕರ್ಷವುಂಟು. ಮೇಲಕ್ಕೆಸೆದ ಕಲ್ಲು ತುದಿಯನ್ನು ಮುಟ್ಟಿದ ಕ್ಷಣದಲ್ಲಿ ಅದರ ವೇಗ ಸೊನ್ನೆಯಾದರೂ, ಭೂಮಿಯ ಸೆಳೆತದಿಂದ ಆ ವೇಗವು ಪ್ರತಿ ಸೆಕೆಂಡಿಗೂ, ಸೆಕೆಂಡಿಗೆ 9.8 ಮೀಟರಿನಂತೆ ಬದಲಾಗುತ್ತಲೇ ಇರುತ್ತದೆ.

ನಮ್ಮ ಕಾವ್ಯಗಳಲ್ಲಿ ಜವವೂ ವೇಗವೂ ಒಂದೇ. ವಿಜ್ಞಾನದಲ್ಲಿ ಮಾತ್ರ ವೇಗಕ್ಕೆ ದಿಕ್ಕೂ ಸೇರಿದೆ. ಆದಕಾರಣ ತಿರುವಿನಲ್ಲಿ ಜವವನ್ನು ಕುಂದಿಸದೆ ಸಾಗುವ ಬಸ್ಸಿಗೂ ವೇಗೋತ್ಕರ್ಷವುಂಟು. ಬದಲಾಗುವ ವೇಗವನ್ನು ‘ಈ ಕ್ಷಣದಲ್ಲಿ ಎಷ್ಟು?’ ಎಂದೇ ಕೇಳಬೇಕಾಗುತ್ತದೆ. ಭಾಸ್ಕರಾಚಾರ್ಯರು 1150ರ ‘ಸಿದ್ಧಾಂತಶಿರೋಮಣಿ’ಯಲ್ಲಿ ಗ್ರಹಗಳ ವಿಷಯದಲ್ಲಿ ಇದನ್ನೇ ‘ತಾತ್ಕಾಲಿಕ ಗತಿ’ ಎಂದು ಕರೆದರು. ಎಂತಹ ಒಪ್ಪುವ ಹೆಸರು!

ಇನ್ನೊಂದು ಬಗೆಯ ಚಲನೆಯುಂಟು. ಅಲ್ಲಿ ವಸ್ತು ಸಾಗುವುದಿಲ್ಲ, ಅಲುಗಾಟ ಮಾತ್ರ ಸಾಗುತ್ತದೆ. ಎರೆಹೊಲದ ಬಿಳಿಜೋಳದ ಮೇಲೆ ಗಾಳಿ ಬೀಸಿದಾಗ ಒಂದು ಬದುವಿನಿಂದ ಇನ್ನೊಂದು ಬದುವಿನವರೆಗೆ ತೆರೆಯೊಂದು ಓಡುವುದನ್ನು ನೋಡಿರಿ. ಯಾವ ದಂಟೂ ತನ್ನ ಬುಡವನ್ನು ಬಿಟ್ಟು ಕದಲಿಲ್ಲ. ತೆನೆಗಳು ಬಾಗಿ ಎದ್ದವು, ಅಷ್ಟೆ. ನಿಂತ ನೀರಿಗೆ ಕಲ್ಲೆಸೆದಾಗ ಎಲೆಯು ಇದ್ದಲ್ಲಿಯೇ ಏರಿಳಿಯುವುದೂ ಹೀಗೆಯೇ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಎಲೆ ದೂರ ಹೋಗುವುದಲ್ಲ ಎಂದರೆ, ಅದು ಹರಿವಿನ ಕೆಲಸ, ತರಂಗದ್ದಲ್ಲ.

ಶಬ್ದವೂ ತರಂಗವೇ. ಗಾಳಿಯಲ್ಲಿ ಅದು ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಬೆಳಕಾದರೋ 3 ಲಕ್ಷ ಕಿಲೋಮೀಟರು. ಆದ್ದರಿಂದ ಮಿಂಚು ಕಂಡೊಡನೆ ಎಣಿಸತೊಡಗಿರಿ; ಗುಡುಗು ಕೇಳುವವರೆಗಿನ ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನಂತೆ ದೂರ ತಿಳಿಯುತ್ತದೆ. ಎಣಿಕೆ ಮೂವತ್ತನ್ನು ಮುಟ್ಟುವ ಮೊದಲೇ ಗುಡುಗಿದರೆ ಹೊಲದಲ್ಲಿ ನಿಲ್ಲಬಾರದು, ಮರದಡಿಗೂ ಓಡಬಾರದು, ಮನೆಯೊಳಗೆ ಸೇರಬೇಕು.

ಮರುವರ್ಷ ಅದೇ ಹುಡುಗನು ಬಂದು, ‘ತರಂಗದೂರವೆಂದರೆ ತರಂಗವು ಸಾಗಿದ ದೂರವೇ, ಗುರುಗಳೇ?’ ಎಂದು ಕೇಳಿದನು. ಈ ಸಲ ನಾನು ಸಮಾಸವನ್ನು ಬಿಡಿಸಲಿಲ್ಲ. ಹೊಲದ ಬಳಿಗೆ ಕರೆದೊಯ್ದು, ತೆನೆಗಳ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ಅಂತರವನ್ನು ಬೆರಳಿನಿಂದ ತೋರಿಸಿದೆನು.